ಇಕ್ಕುಳದಲ್ಲಿ ಹಿಡಿದ ಪುಸ್ತಕ

ನನ್ನ ತಂಗಿ ಆಸ್ಪತ್ರೆಯಿಂದ ಕಳಿಸಿದ ಪುಸ್ತಕವನ್ನು ನಾನು ಕೈಯಿಂದ ಮುಟ್ಟಲಿಲ್ಲ. ಒಲೆಯ ಇಕ್ಕುಳದಲ್ಲಿ ಹಿಡಿದು ದೋಣಿಯ ಕೊಟ್ಟಿಗೆಗೆ ಒಯ್ದು, ತೆಂಗಿನ ಮಡಲು ಹೊದಿಸಿದ ಮಾಡಿಗೆ ಸಿಕ್ಕಿಸಿ ಬಂದೆ. ಎರಡು ವರ್ಷ ಅದು ಅಲ್ಲೇ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಧೈರ್ಯದ ಮಾತು ಬರುತ್ತದೆ. ಅದನ್ನು ಓದಿ ಯಾರೂ ನನ್ನನ್ನು ಒಳ್ಳೆಯವಳೆಂದು ತಿಳಿಯುವುದು ಬೇಡ.

ಆಗ ಸುಂದರಿಗೆ ಹದಿನಾಲ್ಕು. ಶಿರಿಯದ ನಮ್ಮ ಮನೆಯಲ್ಲಿ ಮೀನು ಸುಡುತ್ತಿದ್ದಾಗ ಕೆಂಡವೊಂದು ಸಿಡಿದು ಅವಳ ಮೊಣಕೈಗೆ ಅಂಟಿಕೊಂಡಿತು. ಚರ್ಮ ಸುಟ್ಟ ವಾಸನೆ ನನಗೆ ಬಂತು. ಅವಳು ಮೀನು ಮಗುಚುತ್ತಲೇ ಇದ್ದಳು.

ಅವಳಿಗೆ ನೋವಾಗಿರಲಿಲ್ಲ.

ಸುಟ್ಟ ಆ ಜಾಗದಲ್ಲಿ ಮೊದಲೇ ಒಂದು ಮಾಸಲು ಮಚ್ಚೆ ಇತ್ತು. ಮಂಗಳೂರಿನ ಡಾಕ್ಟರು ಅವಳ ಕಣ್ಣು ಮುಚ್ಚಿಸಿ ಕೋಳಿಯ ಪುಕ್ಕದಿಂದ ಸವರಿದರು. ಗೊತ್ತಾಗಲಿಲ್ಲ. ಸೂಜಿ ಚುಚ್ಚಿದರು. ಅದೂ ಗೊತ್ತಾಗಲಿಲ್ಲ.

"ಕುಷ್ಠ," ಎಂದರು. "ಹೆದರಬೇಡಿ. ಈಗ ಮಾತ್ರೆ ಬಂದಿದೆ, ಗುಣವಾಗ್ತದೆ. ವಾರ್ಡಿನಲ್ಲಿ ಬಿಟ್ಟು ಹೋಗಿ."

ಬಿಟ್ಟು ಬಂದೆವು. ಅಮ್ಮ ಅವಳ ಚಾಪೆ ಸುಟ್ಟರು. ಹುಡುಗಿ ಉಡುಪಿ ಕಡೆ ಚಿಕ್ಕಮ್ಮನ ಮನೆಯಲ್ಲಿದ್ದಾಳೆ ಎಂದು ಊರಿಗೆ ಹೇಳಿದೆವು. ಯಾರೂ ನಂಬಲಿಲ್ಲ.

ಮೂರು ತಿಂಗಳ ಮೇಲೆ ಅವಳನ್ನು ನೋಡಿ ಬಂದ ಅಪ್ಪ, ಚೀಲದಿಂದ ಆ ಪುಸ್ತಕ ತೆಗೆದು ಜಗಲಿಯಲ್ಲಿಟ್ಟರು. ವಾರ್ಡಿನ ನರ್ಸ್ ಹತ್ತಿರ ಮಕ್ಕಳ ಚಿತ್ರದ ಪುಸ್ತಕವೊಂದು ಇತ್ತಂತೆ. ಗೂಡು ತಪ್ಪಿದ ಹಕ್ಕಿಮರಿಯೊಂದು ತನ್ನ ಮನೆ ಹುಡುಕುವ ಕಥೆ. ಅಲ್ಲಿದ್ದ ಮಕ್ಕಳು ಅದೊಂದನ್ನೇ ಮತ್ತೆ ಮತ್ತೆ ಕೇಳಿ, ತಿರುವಿ, ಹಾಳೆಗಳೆಲ್ಲ ಹರಿದಿದ್ದವಂತೆ. ಅದಕ್ಕೆ ಸುಂದರಿ ಔಷಧಿ ಪೆಟ್ಟಿಗೆಯ ಕಾಗದ ಹೊಲಿದು ತಾನೇ ಒಂದು ಮಾಡಿದ್ದಳು. ಅವಳಿಗೆ ಅಕ್ಷರ ಬಾರದು. ನಾನು ಮೂರನೇ ಕ್ಲಾಸು ಓದಿದವಳು.

"ಚಿತ್ರ ನಾನು ಬರೆದಾಯ್ತು, ಮಾತು ಅಕ್ಕ ಬರೀಲಿ. ಬೇಗ ಕಳಿಸ್ಲಿಕ್ಕೆ ಹೇಳಿ, ಮಕ್ಕಳು ಕಾಯ್ತಾ ಇದ್ದಾರೆ," ಎಂದಿದ್ದಳಂತೆ.

ನನ್ನ ಮಗಳು ಗಿರಿಜೆ ಆಗ ಮೊಲೆಹಾಲು ಕುಡಿಯುವ ಕೂಸು. ಮಗುವಿಗಾಗಿ ಮುಟ್ಟಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ಇಕ್ಕುಳ ಹಿಡಿದವಳು ನಾನು. ಅಪ್ಪ ಮಂಗಳೂರಿಗೆ ಹೊರಟಾಗಲೆಲ್ಲ, "ಬರೀಲಿಕ್ಕೆ ಪುರುಸೊತ್ತಾಗಲಿಲ್ಲ ಅಂತ ಹೇಳಿ," ಎಂದೆ. ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು.

ಎರಡು ವರ್ಷ ದಾಟಿದ ಮೇಲೆ ಅವಳಿಗೆ ಡಿಸ್ಚಾರ್ಜ್ ಆಯಿತು. ನಮ್ಮೂರು ಕೇರಳಕ್ಕೆ ಸೇರಿದ ಹೊಸತು. ಕಟ್ಟೆಯ ಮೇಲೆ ಗಂಡಸರಿಗೆ, ಊರು ಎಲ್ಲಿಗೆ ಸೇರಬೇಕಿತ್ತು ಎಂಬ ಮಾತು. ಬಾವಿಯ ಹತ್ತಿರ ಹೆಂಗಸರಿಗೆ, ಸುಂದರಿ ಎಲ್ಲಿರಬೇಕು ಎಂಬ ಮಾತು.

ಅವಳು ನೀರಿಗೆ ಬಂದಾಗ ನೆರೆಮನೆಯ ದೇವಕಿಯಕ್ಕ ಬಾವಿಹಗ್ಗ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. "ಗುಣ ಆದ್ರೆ ಒಳ್ಳೇದೇ. ಆದ್ರೆ ಹಗ್ಗ ಎಲ್ಲರದ್ದು ಮಾರಾಯ್ತಿ."

"ರೋಗ ಇಲ್ಲ ಅಂತ ಡಾಕ್ಟರು ನನಗೆ ಚೀಟಿ ಕೊಟ್ಟಿದ್ದಾರೆ ದೇವಕಿಯಕ್ಕ," ಎಂದಳು ಸುಂದರಿ. "ನಿಮ್ಮ ಹತ್ರ ಎಂತ ಚೀಟಿ ಉಂಟು?"

ಯಾರೋ ನಕ್ಕರು. ಹಗ್ಗ ಕೆಳಗಿಳಿಯಿತು.

ಹದಿನಾರರ ಹುಡುಗಿ ಒಬ್ಬಳೇ ನಿಂತು ಅಷ್ಟು ಹೇಳುವಾಗ ನಾನು ಅವಳ ಹಿಂದೆ ಖಾಲಿ ಕೊಡ ಹಿಡಿದು ಸುಮ್ಮನೆ ನಿಂತಿದ್ದೆ. ಕೊಡ ಅಲ್ಲೇ ಇಟ್ಟು ದೋಣಿಯ ಕೊಟ್ಟಿಗೆಗೆ ನಡೆದೆ. ಗಿರಿಜೆ ಹಿಂದೆಯೇ ಓಡಿಬಂದಳು. ಮಾಡಿನಿಂದ ಪುಸ್ತಕವನ್ನು ಬರಿಗೈಯಲ್ಲಿ ಎಳೆದೆ. ಅಂಚು ಗೆದ್ದಲು ತಿಂದಿತ್ತು, ಪೆನ್ಸಿಲ್ ಗೆರೆ ಉಳಿದಿತ್ತು.

ಆ ದಿನ ಮೊದಲ ಸಲ ಬಿಡಿಸಿ ನೋಡಿದೆ.

ನಮ್ಮ ಕಡಲ ಬದಿಯಲ್ಲಿ ಚಿಪ್ಪು ಹೊತ್ತು ನಡೆಯುವ ಸಣ್ಣ ಏಡಿ ಇದೆಯಲ್ಲ, ಅದರ ಕಥೆ. ಮೈ ಬೆಳೆದು ಹಳೆಯ ಚಿಪ್ಪು ಸಾಲದಾಗಿದೆ. ಒಡೆದ ಬಾಟಲಿಯ ಒಳಗೆ ಇಣುಕುತ್ತದೆ. ತೆಂಗಿನ ಗೆರಟೆಯ ಕೆಳಗೆ ನುಸುಳುತ್ತದೆ. ತೂತಾದ ಚೊಂಬಿನಲ್ಲಿ ಕೂರುತ್ತದೆ. ಎಲ್ಲೂ ಆಗುವುದಿಲ್ಲ. ಕೊನೆಯ ಹಾಳೆಯಲ್ಲಿ ನಮ್ಮ ಮನೆ. ಬಾಗಿಲಲ್ಲಿ ಒಬ್ಬ ಹೆಂಗಸು, ಹುಬ್ಬಿನ ಮೇಲೆ ನನ್ನದೇ ಗಾಯದ ಕಲೆ. ಅವಳ ಎರಡೂ ಕೈ ಚಾಚಿವೆ. ಏಡಿ ಅವಳ ಅಂಗೈ ಹತ್ತುತ್ತಿದೆ.

"ಅಮ್ಮ, ಇದು ನೀನು," ಎಂದಳು ಗಿರಿಜೆ.

ಆ ಸಂಜೆಯೇ ಪ್ರತಿ ಚಿತ್ರದ ಕೆಳಗೂ ಮಾತು ಬರೆದೆ. ಅಕ್ಷರ ಸೊಟ್ಟಗಾದವು, ಆಗಲಿ. ಮರುದಿನ ಹೆಂಗಸರೆಲ್ಲ ಮೀನು ಒಣಗಿಸುವ ಹೊತ್ತಿಗೆ ಕಡಲ ಬದಿಯ ಹೊಯ್ಗೆಯ ಮೇಲೆ ಸುಂದರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದತೊಡಗಿದೆ. ಮಕ್ಕಳು ಸೇರಿದರು.

ದೇವಕಿಯಕ್ಕ ಮೊಮ್ಮಗನ ರಟ್ಟೆ ಹಿಡಿದರು. "ಆಸ್ಪತ್ರೆಯ ಕಾಗದ ಅದು. ಮುಟ್ಟಬೇಡ."

"ಮುಟ್ಟುವುದು ಬೇಡ," ಎಂದೆ. "ಕೇಳ್ಲಿಕ್ಕೆ ಕಿವಿ ಸಾಕು. ನೀವೂ ಕೂತ್ಕೊಳ್ಳಿ."

ಅವರು ಕೂರಲಿಲ್ಲ. ರಟ್ಟೆ ಬಿಟ್ಟರು.

ಸುಂದರಿಯ ಎರಡು ಬೆರಳು ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ. ರೋಗ ಮರಳದ ಹಾಗೆ ಮಾತ್ರೆ ಇನ್ನೂ ನುಂಗಬೇಕು. ಆ ಬೆರಳುಗಳಲ್ಲೇ ಅವಳು ಹಾಳೆ ತಿರುವಿದಳು, ನಾನು ಓದಿದೆ. ಮುಗಿದ ಮೇಲೆ ಪುಸ್ತಕವನ್ನು ವಾರ್ಡಿಗೆ ಕಳಿಸಲು ಅವಳು ಬಟ್ಟೆಯಲ್ಲಿ ಸುತ್ತತೊಡಗಿದಳು. ಇವತ್ತು ಹೇಳದಿದ್ದರೆ ಇನ್ನು ಹೇಳಲಾರೆ ಎನಿಸಿತು. ಎದ್ದು ನಿಂತು, ಮೀನಿನ ಚಾಪೆಗಳ ಆಚೆಯವರಿಗೂ ಕೇಳುವ ಹಾಗೆ ಹೇಳಿದೆ:

"ಸುಂದರಿ, ಈ ಪುಸ್ತಕವನ್ನು ನಾನು ಇಕ್ಕುಳದಲ್ಲಿ ಹಿಡಿದು ಮಾಡಿಗೆ ಸಿಕ್ಕಿಸಿದ್ದೆ. ಎರಡು ವರ್ಷ ಆ ಮಕ್ಕಳನ್ನು ಕಾಯಿಸಿದೆ, ನಿನ್ನನ್ನೂ ಕಾಯಿಸಿದೆ. ಪುರುಸೊತ್ತು ಇತ್ತು. ನಿನ್ನನ್ನು ಮುಟ್ಲಿಕ್ಕೆ ಹೆದರಿದೆ. ತಪ್ಪಾಯ್ತು ತಂಗಿ."