ಅಡುಗೆಮನೆ ಕಿಟಕಿಯ ಸಾಕ್ಷಿ

ನಾನು ಅನುಮಾನದ ಪ್ರಾಣಿ. ಹಾಲಿನವನು ನಕ್ಕರೆ ಇವತ್ತು ನೀರು ಹೆಚ್ಚಿಗೆ ಬೆರೆಸಿದ್ದಾನೆ ಎಂದುಕೊಳ್ಳುತ್ತೇನೆ. ಹೀಗಿರುವಾಗ ಎದುರು ಮನೆಯ ನಂಜುಂಡಪ್ಪನವರು ಒಂದು ಬೆಳಿಗ್ಗೆ ತಮ್ಮ ಕೊಡೆಯನ್ನು ನಮ್ಮ ಅಡುಗೆಮನೆಯ ಕಿಟಕಿಗೆ ಒರಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಮೊಬೈಲಿನಲ್ಲಿ ಫೋಟೋ ಹೊಡೆದರೆ ನನ್ನ ಗತಿ ಏನಾಗಬೇಕು, ನೀವೇ ಹೇಳಿ.

ನಮ್ಮ ಮನೆ ಇರುವುದು ಹಳೇಬೀಡಿನಲ್ಲಿ, ದೇವಸ್ಥಾನದಿಂದ ಕೂಗಳತೆಯಲ್ಲಿ. ಹಳೆಯ ಗುಡಿಯ ಸುತ್ತಮುತ್ತಲಾದ್ದರಿಂದ ಇಲ್ಲಿ ಕಿಟಕಿ ಬದಲಾಯಿಸಲೂ ಪುರಾತತ್ವದವರ ಅನುಮತಿ ಬೇಕು. ಹಳೆಯದು ಎಷ್ಟಿತ್ತೋ ಹೊಸದೂ ಅಷ್ಟೇ ಇರಬೇಕು, ಒಂದು ಗೇಣೂ ಹಿಗ್ಗುವಂತಿಲ್ಲ. ಬೇಲೂರಿನ ಗುಡಿಯ ಜಾಲಂಧ್ರಗಳನ್ನು, ಅಂದರೆ ಆ ಕಲ್ಲಿನ ಜಾಲರಿ ಕಿಟಕಿಗಳನ್ನು, ಗುಡಿ ಕಟ್ಟಿ ಎಷ್ಟೋ ವರ್ಷಗಳಾದ ಮೇಲೆ ಕೂರಿಸಿದರೆಂದು ಬಲ್ಲವರು ಹೇಳುತ್ತಾರೆ. ಹಾಗೆ ಕೂರಿಸಿದವರು ಯಾವ ಕಚೇರಿಗೆ ಅರ್ಜಿ ಹಾಕಿದ್ದರು ಎಂಬ ಅನುಮಾನವೂ ನನಗಿದೆ.

ನಮ್ಮದು ಗೆದ್ದಲು ತಿಂದ ಕಿಟಕಿ. ಅರ್ಜಿಯನ್ನೇನೋ ಕೊಟ್ಟಿದ್ದೆ. ಆದರೆ ನಂಜುಂಡಪ್ಪನವರು ಫೋಟೋ ತೆಗೆದದ್ದು ಆ ಅರ್ಜಿಗೆ ಅಡ್ಡಗಾಲು ಹಾಕಿ ದೂರು ಬರೆಯುವುದಕ್ಕೇ ಎಂದು ಖಾತ್ರಿಯಾಯಿತು. ದೂರು ಮುಟ್ಟುವ ಮೊದಲೇ ಕೆಲಸ ಮುಗಿಸೋಣವೆಂದು ಆಚಾರಿಯನ್ನು ಕರೆಸಿ ಹಳೆಯ ಚೌಕಟ್ಟು ಕೀಳಿಸಿ, ಆ ಜಾಗಕ್ಕೆ ಟಾರ್ಪಾಲು ಕಟ್ಟಿಸಿದೆ. "ಗೆದ್ದಲು ಹಿಡಿದ ಮರ ಮನೇಲಿ ಇಟ್ಕೋಬಾರ್ದು ಕಣ್ರೀ" ಎಂದು ನನ್ನ ಹೆಂಡತಿ ಗಿರಿಜಾ ಅದನ್ನೆಲ್ಲ ಹಂಡೆಯ ಒಲೆಗೆ ತುರುಕಿದಳು.

ಮಾರನೆಯ ದಿನ ಕಚೇರಿಯ ಅಧಿಕಾರಿ ಬಂದರು. ದೂರಿನ ಮೇಲಲ್ಲ, ನನ್ನ ಅರ್ಜಿಯ ಮೇಲೆಯೇ.

"ಹಳೇ ಕಿಟಕಿ ಎಲ್ರೀ?"

"ನೀರು ಕಾಯಿಸಿ ಸ್ನಾನ ಮಾಡ್ಬಿಟ್ವಿ ಸಾರ್."

"ಇಲ್ಲಿ ಕಿಟಕಿ ಇತ್ತು, ಇಷ್ಟೇ ಇತ್ತು ಅನ್ನೋದಕ್ಕೆ ಪುರಾವೆ? ಇಲ್ದಿದ್ರೆ ಗೋಡೆ ಕಟ್ಟಿ ಮುಚ್ಚಿಸ್ಬೇಕಾಗುತ್ತೆ."

ಅಡುಗೆಮನೆಗೆ ಇರುವುದು ಅದೊಂದೇ ಕಿಟಕಿ. ಮದುವೆಯಾಗಿ ಬಂದಂದಿನಿಂದ ಗಿರಿಜಾ ಅದರ ಬೆಳಕಿನಲ್ಲೇ ಅಕ್ಕಿ ಆರಿಸಿದವಳು. ಅವಳು ನನ್ನ ಮುಖ ನೋಡಿದಳು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಅಷ್ಟರಲ್ಲಿ ನಂಜುಂಡಪ್ಪನವರು ರಸ್ತೆ ದಾಟಿ ಬಂದರು. "ಫೋಟೋ ನನ್ ಹತ್ರ ಐತೆ ಸಾ" ಎಂದು ಮೊಬೈಲು ಚಾಚಿದರು. ಅಧಿಕಾರಿ ಆ ಕೊಡೆಯನ್ನು ತರಿಸಿ, ಅದರ ಉದ್ದ ಅಳೆದು, ಫೋಟೋದಲ್ಲಿ ಕಿಟಕಿ ಎಷ್ಟು ಕೊಡೆಯುದ್ದ ಇದೆಯೆಂದು ಲೆಕ್ಕ ಹಾಕಿ ಬರೆದುಕೊಂಡರು. ಅನುಮತಿಗೆ ಮುಂಚೆ ಕಿತ್ತದ್ದಕ್ಕೆ ನನ್ನನ್ನು ಚೆನ್ನಾಗಿ ಬೈದರು. ತಿಂಗಳೊಪ್ಪತ್ತಿನಲ್ಲಿ ಅನುಮತಿ ಬಂತು, ಕಿಟಕಿಯೂ ಕೂತಿತು.

ಫೋಟೋ ಯಾಕೆ ತೆಗೆದಿರೆಂದು ಕೇಳಿದರೆ, "ನೀವು ಕಿಟಕಿ ದೊಡ್ಡದು ಮಾಡ್ಬಿಡ್ತೀರ ಅಂತ ಅನ್ಮಾನ ಇತ್ತು ಕಣ್ರೀ" ಎಂದರು ನಂಜುಂಡಪ್ಪನವರು, ಒಂದಿಷ್ಟೂ ಸಂಕೋಚವಿಲ್ಲದೆ.

ಈಗ ಹೊಸ ಕಿಟಕಿಯಿಂದ ನೋಡಿದರೆ ಅವರ ಕಿಟಕಿಗೂ ಗೆದ್ದಲು ಏರುತ್ತಿರುವುದು ಕಾಣುತ್ತದೆ. ನಿನ್ನೆ ನನ್ನ ಕೊಡೆಯನ್ನು ಅದಕ್ಕೆ ಒರಗಿಸಿ ಒಂದು ಫೋಟೋ ತೆಗೆದಿಟ್ಟುಕೊಂಡೆ. ಅವರು ಬಾಗಿಲ ಸಂದಿಯಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ನೋಡಲಿ.