ಆಯಿಯ ಸೊಂಟದ ಕೀಲಿಗಳು

ನಮ್ಮ ಕೇರಿಯ ಆಯಿ ನಡೆದರೆ ಸೊಂಟದಲ್ಲಿ ಕೀಲಿಗಳ ಸಪ್ಪಳ. ಹಳೇ ಸೀರೆಯ ಅಂಚು ಹರಿದು ಹೊಸೆದ ದಾರಕ್ಕೆ ಅವನ್ನು ಪೋಣಿಸಿದ್ದಳು. ತಿಕ್ಕಿ ತಿಕ್ಕಿ ಅವಳ ಎಡಸೊಂಟ ಕಪ್ಪುಗಟ್ಟಿತ್ತು. ಅದರಲ್ಲಿ ಒಂದು ಕೀಲಿಯೂ ಅವಳ ಮನೆಯದಲ್ಲ!

ದೀಪಾವಳಿ ಮುಗಿಯುತ್ತಲೇ ಹತ್ತಿಮತ್ತೂರಿನ ನಮ್ಮ ಕೇರಿಯ ದೊಡ್ಡವರೆಲ್ಲ ಟೆಂಪೊ ಹತ್ತಿ ಕಾಫಿ ತೋಟಕ್ಕೆ ದುಡಿಯಲು ಹೋಗುತ್ತಾರೆ. ಹೊಟ್ಟೆ ಕೇಳಬೇಕಲ್ಲ. ಶಾಲೆಗೆ ಹೋಗುವ ಮಕ್ಕಳನ್ನೂ ಮನೆಯ ಕೀಲಿಯನ್ನೂ ಆಯಿಗೆ ಒಪ್ಪಿಸಿ ಹೋಗುವುದು ರೂಢಿ. ರಾತ್ರಿ ಅವಳ ಮನೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ಬೆಳಗಾದರೆ ಅವಳು ಒಂದೊಂದೇ ಮನೆ ತೆರೆದು, ಅಂಗಳಕ್ಕೆ ನೀರು ಚಿಮುಕಿಸಿ, ಆಯಾ ಮನೆಯ ಮಕ್ಕಳನ್ನು ಅವರದೇ ಹೊಸ್ತಿಲಿಂದ ಶಾಲೆಗೆ ಕಳಿಸುತ್ತಿದ್ದಳು. ಮುದುಕಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದು ನಗುವವರು ನಗುತ್ತಿದ್ದರು.

"ಊರು ಬಿಟ್ಟಾವ್ರು ನಿಮ್ಮ ಅಪ್ಪ-ಅವ್ವ. ನೀವಲ್ಲ. ನಿಮ್ಮ ಮನಿಯಿಂದನ ಹೋಗ್ರಿ," ಅನ್ನುತ್ತಿದ್ದಳು.

ನಾನು ಏಳನೆಯ ತರಗತಿಯಲ್ಲಿದ್ದಾಗ ಅಪ್ಪ ವರ್ಷದ ನಡುವೆಯೇ ನನ್ನನ್ನು ಕರೆದೊಯ್ಯಲು ಬಂದ. ತೋಟದಲ್ಲಿ ತಮ್ಮನನ್ನು ಆಡಿಸಲು ಯಾರೂ ಇರಲಿಲ್ಲ. ಆಯಿ ಹೊಸ್ತಿಲಲ್ಲಿ ಅಡ್ಡ ಕುಳಿತಳು.

"ಕೂಸು ಎದಿಹಾಲು ಬಿಟ್ಟೈತಿಲ್ಲೊ?"

"ಬಿಟ್ಟೈತಿ ಆಯಿ."

"ಹಂಗಾರ ಅದನ್ನ ತಂದು ನನ್ನ ಉಡ್ಯಾಗ ಹಾಕು. ಹುಡುಗೀನ ಮುಟ್ಟಬ್ಯಾಡ."

ಅಪ್ಪ ಹಾಗೆಯೇ ಮಾಡಿದ. ಆಡಿನ ಹಾಲು ಕುಡಿಸಿ ಅವಳು ತಮ್ಮನನ್ನು ಸಾಕಿದಳು, ನಾನು ಓದಿದೆ. ಈಗ ನಾನು ಅದೇ ಶಾಲೆಯ ಶಿಕ್ಷಕಿ.

ಹೋದ ಚಳಿಗಾಲದಲ್ಲಿ ಆಯಿ ತೀರಿಕೊಂಡಳು. ಸುದ್ದಿ ತಿಳಿದು ಎಲ್ಲರೂ ತೋಟದಿಂದ ಅದೇ ಟೆಂಪೊದಲ್ಲಿ ಬಂದರು. ಅವಳಿಗೆ ಸ್ನಾನ ಮಾಡಿಸುವಾಗ ಸೊಂಟದ ದಾರ ಬಿಚ್ಚಿದವಳು ನಾನೇ. ಮಣ್ಣು ಮಾಡಿ ಬಂದವರು ಒಬ್ಬೊಬ್ಬರಾಗಿ ನನ್ನ ಮುಂದೆ ನಿಂತರು.

"ಅಕ್ಕೋರ, ನಮ್ಮ ಕೀಲಿ ಕೊಡ್ರಿ."

"ಪರೀಕ್ಷೆ ಮುಗಿಯೂತನಕಾದ್ರೂ ಹುಡುಗರನ್ನ ಬಿಟ್ಟು ಹೋಗ್ರಿ."

"ಯಾರ ಕೂಡ ಬಿಡೂನ್ರಿ? ಸಂಜಿ ಬಸ್ಸಿಗೆ ನೀವು ಸವಣೂರಿಗೆ ಹೋಗಾವ್ರು."

ಸವಣೂರಿನ ಗಂಡನ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾಳೆ. ಒಂದೊಂದೇ ಕೀಲಿ ಬಿಚ್ಚಿ ಅವರ ಕೈಗಿಟ್ಟೆ. ಮನೆಗಳಿಗೆ ಬೀಗ ಬಿತ್ತು. ಪಾಟೀಚೀಲ ಎದೆಗವುಚಿಕೊಂಡೇ ಮಕ್ಕಳು ಟೆಂಪೊ ಹತ್ತಿದರು. ಏಳನೆಯ ತರಗತಿಯ ಹುಡುಗಿ ಬಗ್ಗಿ ನನ್ನ ಕೈ ಹಿಡಿದು, "ಪರೀಕ್ಷಿಗೆ ಬರ್ತೇನ್ರಿ ಅಕ್ಕೋರ. ಹಾಜರಿ ಪುಸ್ತಕದಾಗ ನನ್ನ ಹೆಸರು ಹೊಡಿಬ್ಯಾಡ್ರಿ," ಅಂದಳು. ಬರಲಿಲ್ಲ. ಅವಳು ತೋಟದಲ್ಲಿ ಯಾರದೋ ಕೂಸು ಆಡಿಸುತ್ತಿದ್ದಾಳಂತೆ.

ದಾರದಲ್ಲಿ ಈಗ ಒಂದೇ ಕೀಲಿ ಉಳಿದಿದೆ, ಅಪ್ಪ-ಅವ್ವ ತೀರಿಹೋಗಿ ಖಾಲಿಯಾದ ನಮ್ಮ ಮನೆಯದು. ದಿನಾ ಬೆಳಿಗ್ಗೆ ಬಸ್ಸಿಳಿದು ಆ ಕದ ತೆರೆಯುತ್ತೇನೆ, ಅಂಗಳಕ್ಕೆ ನೀರು ಚಿಮುಕಿಸುತ್ತೇನೆ, ಆ ಹೊಸ್ತಿಲಿಂದಲೇ ಶಾಲೆಗೆ ಹೊರಡುತ್ತೇನೆ. ಕೇರಿಯಿಂದ ಶಾಲೆಗೆ ಹೋಗುವವಳು ನಾನೊಬ್ಬಳೇ.