ಹುಲಿಯ ಡಬ್ಬಿ, ತಾರಸಿಯ ಬಿಸಿಲು

ಹುಲಿಯ ಹೇಲು ನಮ್ಮ ಮನೆಗೆ ಬಂದದ್ದು ಬಿಸ್ಕತ್ತಿನ ಡಬ್ಬಿಯಲ್ಲಿ. ತಂದವಳು ನನ್ನ ಮೊಮ್ಮಗಳು. ದನದ ಡಾಕ್ಟರಿಕೆ ಓದಿದ ಹುಡುಗಿ ದನಗಳನ್ನು ಬಿಟ್ಟು ಹುಲಿಗಳ ಹಿಂದೆ ಬಿದ್ದಿದ್ದಾಳೆ.

"ಹೇಲು ಅನ್ಬೇಡ ಅಜ್ಜಿ. ಆಫೀಸಲ್ಲೇ ಕುದಿಸಿ, ತೊಳೆದು, ಜರಡಿ ಹಿಡಿದಿದೀವಿ. ರೋಗಗೀಗ ಎಲ್ಲಾ ಸತ್ತೋಗಿರುತ್ತೆ. ಇದರಲ್ಲಿರೋದು ಬರೀ ಕೂದ್ಲು."

"ಯಾರ ಕೂದ್ಲು?"

"ಹುಲಿ ತಿಂದ ಪ್ರಾಣೀದು."

"ಈಚೆ ಬಂದದ್ದು ಯಾವ ಕಡೆಯಿಂದ?"

ಅವಳು ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು.

"ಹಾಗಾದ್ರೆ ಹೇಲೇ" ಅಂದೆ.

ನನ್ನ ಸೊಸೆ ಅಡುಗೆಮನೆಯಿಂದಲೇ ಕೂಗಿದಳು, ಆ ಡಬ್ಬಿ ಹೊಸ್ತಿಲು ದಾಟಿದರೆ ತಾನು ತವರಿಗೆ ಹೋಗುತ್ತೇನೆ ಅಂತ. ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆ ನಮ್ಮದು. ಅವಳ ತವರು ಇರುವುದು ಎರಡು ಬೀದಿ ಆಚೆ, ಅಂಥ ದೊಡ್ಡ ಬೆದರಿಕೆಯೇನಲ್ಲ. ಆದರೂ ಡಬ್ಬಿಯನ್ನು ಹೊರಗಿನ ಮೆಟ್ಟಿಲ ಕೆಳಗಿನ ನನ್ನ ಕೋಣೆಯಲ್ಲಿಟ್ಟುಕೊಂಡೆ.

ಸಂಗತಿ ಇಷ್ಟು. ಉತ್ತರದ ಕಡೆ ಒಂದು ಕಾಡಿನಲ್ಲಿ ಹುಲಿಗಳೆಲ್ಲ ಮುಗಿದುಹೋಗಿದ್ದವು. ಬೇರೆ ಕಾಡಿನಿಂದ ಕೆಲವನ್ನು ತಂದು, ಮೊದಲು ಬೇಲಿ ಹಾಕಿದ ಜಾಗದಲ್ಲಿಟ್ಟು, ಕೊರಳಿಗೆ ಪಟ್ಟಿ ಕಟ್ಟಿ, ಒಂದೊಂದಾಗಿ ಹೊರಗೆ ಬಿಟ್ಟರು. ಹಾಗೆ ಬಿಟ್ಟವುಗಳಿಗೆ ರೋಗ ಬಂದಿದೆಯೋ ಇಲ್ಲವೋ ನೋಡುವುದು ಮೊಮ್ಮಗಳ ಆಫೀಸಿನ ಕೆಲಸ. ಅವಳ ಪಾಲಿಗೆ ಬಂದದ್ದು ಮೂರನೇ ನಂಬರಿನ ಹೆಣ್ಣು ಹುಲಿ. ಅದನ್ನು ಇನ್ನೂ ಬಿಡುವುದು ಬೇಡ ಅಂತ ದೊಡ್ಡವರು ಅಂದಾಗ, ಬಿಡಲೇಬೇಕು ಅಂತ ವಾದ ಮಾಡಿ ಬಿಡಿಸಿದವಳು ಇವಳು. ನಾನೂ ಈ ಮನೆಗೆ ಮೂರನೇ ಸೊಸೆಯಾಗಿ ಬಂದವಳು. ಬೇಲಿಯೊಳಗೆ ಎಷ್ಟು ವರ್ಷ ಇದ್ದೆ ಅಂತ ನನಗೆ ಗೊತ್ತು. ಹಾಗಾಗಿ ಆ ಹುಲಿಯ ಕಡೆ ಸ್ವಲ್ಪ ಒಲವು.

ಹುಲಿ ಜಿಂಕೆ, ಹಂದಿ ತಿಂದರೆ ಚಿಂತೆಯಿಲ್ಲ. ಊರ ನಾಯಿ ತಿಂದರೆ ಕೆಟ್ಟಿತು. ನಾಯಿಗಳಿಗೆ ಬರುವ ಒಂದು ಜ್ವರ ಹುಲಿಗೂ ಅಂಟುತ್ತದಂತೆ. ಅದರ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಬಗ್ಗಲಿಲ್ಲ, ನಾನು ನಾಯಿಜ್ವರ ಅಂತ ಕರೆದೆ. ಅದು ತಲೆಗೇರಿದರೆ ಹುಲಿ ಮನುಷ್ಯರ ಹೆದರಿಕೆಯನ್ನೇ ಮರೆತು, ತೂರಾಡುತ್ತಾ ಹಾಡಹಗಲು ರಸ್ತೆಗೆ ಬಂದು ನಿಲ್ಲುತ್ತದೆ, ಆಮೇಲೆ ಸಾಯುತ್ತದೆ. ಹಾಗಾಗಿ ಹೇಲಿನಲ್ಲಿ ನಾಯಿಯ ಕೂದಲು ಇದೆಯೋ ಇಲ್ಲವೋ ಹುಡುಕಬೇಕು.

ಇದಕ್ಕೆ ನಾನೇ ಯಾಕೆ? ಕಾಟನ್‌ಪೇಟೆಯಲ್ಲಿ ನಮ್ಮ ಯಜಮಾನರಿಗೆ ಬೇಳೆ ಅಂಗಡಿ ಇತ್ತು. ಅದರ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷ ಕೂತು ಬೇಳೆ ಆರಿಸಿದ್ದೇನೆ. ತೊಗರಿಬೇಳೆಯ ಮೂಟೆಯಲ್ಲಿ ಒಂದು ಹಿಡಿ ಕೇಸರಿಬೇಳೆ ಬೆರೆಸಿದ್ದರೂ ನನ್ನ ಕಣ್ಣು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯಿತು, ಕಣ್ಣಿನ ಓದು ಮುಗಿಯಲಿಲ್ಲ. ಈಗ ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆ ಇರುವೆಯ ಮೀಸೆ ಕಾಣುತ್ತದೆ. ಮೊಮ್ಮಗಳ ಆಫೀಸಿನಲ್ಲಿ ಮಳೆಗೆ ಸೂರು ಸೋರಿ ಮೇಜುಗಳೆಲ್ಲ ಒದ್ದೆ. ಅಲ್ಲಿನ ದೊಡ್ಡ ಮೇಡಮ್ಮನ್ನ ಕೇಳಿಕೊಂಡು ಕೂದಲಿನ ಪೊಟ್ಟಣಗಳನ್ನು ಆ ಡಬ್ಬಿಯಲ್ಲಿ ಮನೆಗೆ ತಂದಳು. ಮೊರ ಮುಟ್ಟಬೇಡಿ ಅಂತ ಸೊಸೆ ಗದರಿದ್ದಕ್ಕೆ ಹಳೇ ಸ್ಟೀಲ್ ತಟ್ಟೆ ಇಟ್ಟುಕೊಂಡು, ಚಿಮಟದಲ್ಲಿ ಕೂದಲನ್ನು ಬಗೆಬಗೆಯಾಗಿ ವಿಂಗಡಿಸಲು ಕೂತೆ.

ಎರಡೇ ದಿನಕ್ಕೆ ಕೈ ಹಿಡಿತಕ್ಕೆ ಬಂತು. ಜಿಂಕೆಯದು ದೊರಗು, ಬಗ್ಗಿಸಿದರೆ ಮಡಿಕೆ ಬೀಳುತ್ತದೆ. ಹಂದಿಯದು ಪೊರಕೆ ಕಡ್ಡಿ, ತುದಿ ಸೀಳಿರುತ್ತದೆ. ಮೊಮ್ಮಗಳು ಒಂದು ನೋಟ್‌ಬುಕ್ ಕೊಟ್ಟಿದ್ದಳು. ಪೊಟ್ಟಣದ ನಂಬರು, ಯಾವಾಗ ತೆಗೆದೆ, ಏನು ಮಾಡಿದೆ, ಎಲ್ಲ ಬರೆಯಬೇಕು. "ಮುಟ್ಟಿದ್ದೆಲ್ಲಾ ಬರಿ ಅಜ್ಜಿ, ಒಂದನ್ನೂ ಬಿಡ್ಬೇಡ" ಅಂದಿದ್ದಳು. ಬರೆದೆ.

ಒಂದನ್ನು ಬಿಟ್ಟೆ.

ವಾರವಿಡೀ ಜಿಟಿಜಿಟಿ ಮಳೆ. ಬುಧವಾರ ಬೆಳಗ್ಗೆ ಏಳು ಪೊಟ್ಟಣ ಕೈಗೆ ತಣ್ಣಗೆ ತಾಗಿದವು. ಬೂಷ್ಟು ಹಿಡಿದರೆ ಎಲ್ಲ ಹಾಳು. ಹತ್ತು ಗಂಟೆಗೆ ಫಳಾರನೆ ಬಿಸಿಲು ಬಂತು. ಬಿಸಿಲು ಕಂಡರೆ ನಾನು ಸುಮ್ಮನೆ ಕೂರುವವಳಲ್ಲ. ತಾರಸಿಗೆ ಹೋಗಿ ಹಳೇ ಪಂಚೆ ಹಾಸಿದೆ. ಒಂದು ಕಡೆ ಅರಳಿನ ಸಂಡಿಗೆ, ಇನ್ನೊಂದು ಕಡೆ ಏಳು ಕಾಗದದ ಮೇಲೆ ಹುಲಿಯ ಊಟ. ಕಾಗೆ ಬಾರದಿರಲಿ ಅಂತ ನಡುವೆ ಕಪ್ಪು ಕೊಡೆ ಬಿಚ್ಚಿಟ್ಟೆ. ಸಂಜೆ ಗರಿಗರಿಯಾಗಿದ್ದವು, ಎರಡೂ. ಏಳು ಕಾಗದಗಳನ್ನೂ ಮಡಚಿ ಡಬ್ಬಿಗೆ ಹಾಕಿದೆ. ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಒಣಗಿಸಿದ್ದನ್ನು ಯಾರಾದರೂ ಬರೆಯುತ್ತಾರೆಯೇ? ಹಾಗಾದರೆ ಉಸಿರಾಡಿದ್ದನ್ನೂ ಬರೆಯಬೇಕು.

ಮರುದಿನ ಆ ಪೊಟ್ಟಣಗಳಲ್ಲಿ ಹೊಸ ಬಗೆಯ ಕೂದಲು ಸಿಕ್ಕಿತು. ಬೆಳ್ಳಗೆ, ನಯವಾಗಿ, ರೇಷ್ಮೆಯ ಎಳೆಯ ಹಾಗೆ. ಮೂವತ್ತು ವರ್ಷದ ಬೇಳೆ ಸಾರ್ಥಕವಾಯಿತು ಅನ್ನಿಸಿತು. ಬೇರೆ ಪೊಟ್ಟಣ ಕಟ್ಟಿ ಮೊಮ್ಮಗಳಿಗೆ ಕೊಟ್ಟು, "ನೋಡು, ನಿಮ್ಮ ಆಫೀಸಿನೋರು ಯಾರಿಗಾದ್ರೂ ಇದು ಸಿಕ್ಕಿತ್ತಾ?" ಅಂತ ಜಂಬ ಕೊಚ್ಚಿದೆ.

ಶನಿವಾರ ಅವಳು ಮುಖ ಸಣ್ಣದು ಮಾಡಿಕೊಂಡು ಬಂದಳು.

"ನಾಯಿ ಕೂದ್ಲು ಅಜ್ಜಿ. ಏಳರಲ್ಲೂ."

"ಅಂದ್ರೆ?"

"ಅಂದ್ರೆ ನಮ್ಮ ಮೂರನೇ ನಂಬರಿನವಳು ಊರೊಳಗೆ ಹೋಗಿ ನಾಯಿ ಹಿಡೀತಿದಾಳೆ. ಸೋಮವಾರ ಹನ್ನೊಂದಕ್ಕೆ ಮೀಟಿಂಗು. ಮತ್ತಿನ ಸೂಜಿ ಹೊಡೆದು ವಾಪಸ್ ಬೇಲಿಯೊಳಗೆ ತರೋಣ ಅಂತಿದಾರೆ. ಒಂದ್ಸಲ ಒಳಗೆ ಹೋದ್ರೆ ಮತ್ತೆ ಬಿಡಲ್ಲ."

ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ನನಗೂ ಜಂಬ ಇಳಿಯಿತು.

ಸೋಮವಾರ ಒಂಬತ್ತೂವರೆ. ಮೊಮ್ಮಗಳು ನನ್ನ ನೋಟ್‌ಬುಕ್ಕನ್ನೂ ತೆಗೆದುಕೊಂಡು ಆಗಲೇ ಹೋಗಿದ್ದಳು. ನಾನು ಉಳಿದ ಸಂಡಿಗೆ ಒಣಗಿಸಲು ತಾರಸಿಗೆ ಹೋಗಿ, ಪಂಚೆ ಹಾಸಿ, ಕೊಡೆ ತರಲು ತಿರುಗಿದೆ. ತಿರುಗಿ ನೋಡುವಷ್ಟರಲ್ಲಿ ಪಂಚೆಯ ಮೇಲೆ ಪಕ್ಕದ ಮನೆಯ ನಾಯಿ. ಬಿಳಿ ಪೊಮೇರಿಯನ್ನು. ನಡುವಿನ ಮೋಟುಗೋಡೆ ಹಾರಿ ಬಂದು, ನಾಲ್ಕು ಕಾಲೂ ಮೇಲೆ ಮಾಡಿ, ಬೆನ್ನು ಉಜ್ಜಿಕೊಂಡು ಹೊರಳಾಡುತ್ತಿತ್ತು. ದಿನಾ ಬರುವ ಮನೆಯೋ ಅನ್ನುವಷ್ಟು ಸಲಿಗೆ. ಎದ್ದು ಮೈ ಕೊಡವಿತು. ಬಿಸಿಲಿನಲ್ಲಿ ಬಿಳಿ ಎಳೆಗಳು ಹಾರಿ ಸಂಡಿಗೆಯ ಮೇಲೆ ಕೂತವು.

ಕಾಗೆಗೆ ಕೊಡೆ ಹಿಡಿದ ನಾನು ನಾಯಿಯ ಬಗ್ಗೆ ಯೋಚಿಸಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದೂ ಮನಸ್ಸಿಗೆ ಬಂತು. ಬೇಲಿಯೊಳಗೆ ಹುಲಿಗೆ ಹೊತ್ತು ಹೊತ್ತಿಗೆ ಊಟ ಸಿಗುತ್ತದೆ, ಕಷ್ಟವೇನು? ನನಗೂ ಹೊತ್ತು ಹೊತ್ತಿಗೆ ಊಟ ಸಿಗುತ್ತಿತ್ತು. ಆ ಮಾತು ಅಲ್ಲಿಗೇ ಬಿಟ್ಟೆ. ಮೊಮ್ಮಗಳಿಗೆ ಫೋನ್ ಮಾಡಿದೆ, ಆಫ್ ಆಗಿತ್ತು. ಹೇನು ಬಾಚಣಿಗೆ ತೆಗೆದುಕೊಂಡು ಪಕ್ಕದ ಮನೆಗೆ ನಡೆದೆ.

ಪಕ್ಕದ ಮನೆಯಾಕೆ ಸರ್ಕಾರಿ ಆಫೀಸಿನಿಂದ ರಿಟೈರಾದವಳು, ನನಗಿಂತ ಹದಿನೈದು ವರ್ಷ ಚಿಕ್ಕವಳು. ನಾಯಿಯನ್ನು 'ಕಂದ' ಅಂತ ಕರೆಯುತ್ತಾಳೆ.

"ಏನಕ್ಕ, ಬೆಳಗ್ಗೆ ಬೆಳಗ್ಗೆ?"

"ನಿನ್ನ ನಾಯಿ ಕೂದ್ಲು ಬೇಕು ಕಣಮ್ಮ."

"ಅಯ್ಯೋ, ಯಾಕೆ? ಮಾಟ ಮಾಡ್ಸೋಕಾ?"

"ಹುಲಿಗೆ."

ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ಬಾಚಣಿಗೆ ನೋಡಿ, "ನಮ್ಮ ಕಂದಂಗೆ ಹೇನಿಲ್ಲ!" ಅಂತ ರೇಗಿದಳು. ವಿಷಯ ಬಿಡಿಸಿ ಹೇಳಿದ ಮೇಲೆ ಇನ್ನೂ ರೇಗಿದಳು. ತನ್ನ ಕಂದನನ್ನು ಹುಲಿ ತಿಂದಿದೆ ಅಂತ ಕಾಗದ ಪತ್ರದಲ್ಲಿ ಬರೆಯುವುದು ಅಂದರೇನು? ಕೂದಲು ಕೊಡುವುದಿಲ್ಲ, ನಾಯಿಯನ್ನೇ ತರುತ್ತೇನೆ, ಜೀವಂತ ಇದೆಯೋ ಇಲ್ಲವೋ ಅವರೇ ನೋಡಲಿ ಅಂದಳು. ಸೀರೆ ಬದಲಾಯಿಸಿದಳು. ನಾಯಿಗೂ ಕೆಂಪು ಪಟ್ಟಿ ಹಾಕಿದಳು.

ಆಟೋದವನು ತಿರುಗಿ ತಿರುಗಿ ನೋಡಿದ. "ಆಸ್ಪತ್ರೆಗಾ ಅಜ್ಜಿ? ನಿಮಗಾ, ನಾಯಿಗಾ?"

"ಹುಲಿಗೆ" ಅಂದೆವು ಇಬ್ಬರೂ ಒಟ್ಟಿಗೆ.

ಅಲ್ಲಿಂದ ಹತ್ತಿತು ನೋಡಿ ನಗು. ಕಾಟನ್‌ಪೇಟೆಯಲ್ಲಿ ಸಾಮಾನಿನ ಗಾಡಿಗಳ ನಡುವೆ ಸಿಕ್ಕಿಕೊಂಡು ಹತ್ತು ನಿಮಿಷ ನಿಂತಾಗಲೂ ನಗು, ಕುಮಾರ ಪಾರ್ಕ್ ದಾಟುವಾಗಲೂ ನಗು. ಹುಲಿಯನ್ನು ಒಳಗೆ ಹಾಕುತ್ತಾರೆ ಅಂತ ಎದೆ ಡವಡವ, ಬಾಯಲ್ಲಿ ನಗು. ನಾಯಿ ಮಾತ್ರ ಮುಖ ಹೊರಗೆ ಚಾಚಿ ಗಂಭೀರವಾಗಿ ಕೂತಿತ್ತು. ಮಲ್ಲೇಶ್ವರ ದಾಟಿ ಆಫೀಸು ಮುಟ್ಟುವಾಗ ಹನ್ನೊಂದೂ ಕಾಲು.

ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ. "ನಾಯಿ ಒಳಗೆ ಬಿಡಲ್ಲಮ್ಮ."

"ಇದು ನಾಯಿ ಅಲ್ಲಪ್ಪ, ಸಾಕ್ಷಿ" ಅಂದಳು ಪಕ್ಕದ ಮನೆಯಾಕೆ. ಅವನು ಯೋಚನೆ ಮಾಡುವಷ್ಟರಲ್ಲಿ ನಾನು ಒಳಗೆ ಹೋಗಿದ್ದೆ.

ಮೀಟಿಂಗಿನ ಕೋಣೆಯ ಬಾಗಿಲು ತಳ್ಳಿದೆ. ಗೋಡೆಯ ಮೇಲಿನ ಟಿ.ವಿ.ಯಲ್ಲಿ ಕಾಡಿನ ಕಡೆಯ ಅಧಿಕಾರಿಗಳು, ಮೇಜಿನ ಸುತ್ತ ಇಲ್ಲಿಯವರು, ತುದಿಯಲ್ಲಿ ಬೆಳ್ಳಿಗೂದಲಿನ ಮೇಡಮ್ಮು. ಮೊಮ್ಮಗಳು ಎದ್ದು ನಿಂತು ಏನೋ ಹೇಳುತ್ತಿದ್ದಳು, ನನ್ನನ್ನು ನೋಡಿ ನಿಲ್ಲಿಸಿದಳು.

"ಆ ಬಿಳಿ ಕೂದ್ಲು ಹುಲಿ ತಿಂದಿದ್ದಲ್ಲ" ಅಂದೆ. "ತಾರಸಿ ಮೇಲೆ ಒಣಗಿಸಿದೆ. ನೋಟ್‌ಬುಕ್ಕಲ್ಲಿ ಬರೀಲಿಲ್ಲ. ಪಕ್ಕದ್ಮನೆ ನಾಯಿ ಅದೇ ಪಂಚೆ ಮೇಲೆ ಹೊರಳಾಡುತ್ತೆ. ತಪ್ಪು ನಂದು, ಇವಳದಲ್ಲ."

ಹೊರಗೆ ಸಾಕ್ಷಿ ಬೊಗಳಿತು.

ಟಿ.ವಿ.ಯಲ್ಲಿದ್ದವರಲ್ಲಿ ಒಬ್ಬ ನಕ್ಕ. ಮೇಡಮ್ಮು ನಗಲಿಲ್ಲ. "ಎಷ್ಟು ಪೊಟ್ಟಣ ಒಣಗಿಸಿದ್ರಿ ಅಮ್ಮ?"

"ಏಳು."

"ಒಣಗಿಸದೇ ಇದ್ದಿದ್ರಲ್ಲಿ ಬಿಳಿ ಕೂದ್ಲು ಇತ್ತಾ?"

"ಒಂದೆಳೆನೂ ಇರಲಿಲ್ಲ. ಇದ್ದಿದ್ರೆ ನನ್ನ ಕಣ್ಣಿಗೆ ಬೀಳ್ತಿತ್ತು."

ಪೊಟ್ಟಣ ಕಟ್ಟುವಾಗಲೇ ಪ್ರತಿಯೊಂದರ ಅರ್ಧ ಭಾಗ ಆಫೀಸಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರುತ್ತಾರಂತೆ, ಹೀಗೇನಾದರೂ ಆದರೆ ಇರಲಿ ಅಂತ. ಅದನ್ನು ತೆಗೆಸಿದರು. ಮತ್ತಿನ ಸೂಜಿಯ ಮಾತು ಸಂಜೆಯವರೆಗೆ ನಿಲ್ಲಲಿ ಅಂತ ಟಿ.ವಿ.ಯವರಿಗೆ ಹೇಳಿದರು. ಮೊಮ್ಮಗಳು ನನ್ನ ಪಕ್ಕದಲ್ಲೇ ಹಾದು ಹೋದಳು, ಮುಖ ನೋಡಲಿಲ್ಲ. ನೋಡುವುದಾದರೂ ಯಾಕೆ? ಅವಳ ಕೆಲಸಕ್ಕೆ ಕುತ್ತು ತಂದಿದ್ದೆ.

ನಾವಿಬ್ಬರೂ ಅಂಗಳದ ಹೊಂಗೆ ಮರದ ಕೆಳಗೆ ಕೂತೆವು. ಒಂದು ಹುಡುಗಿ ಬಂದು ನನ್ನ ಬಾಚಣಿಗೆಯಿಂದಲೇ ನಾಯಿಯ ಕೂದಲು ತೆಗೆದುಕೊಂಡು ಹೋದಳು. ನಾಯಿ ಸುಖವಾಗಿ ಕಣ್ಣು ಮುಚ್ಚಿತ್ತು. ಒಂದಾಯಿತು, ಎರಡಾಯಿತು. ಪಕ್ಕದ ಮನೆಯಾಕೆ ಚೀಲದಿಂದ ನಿಪ್ಪಟ್ಟು ತೆಗೆದಳು. ನನ್ನ ಪಾಲಿನದನ್ನು ನಾಯಿಗೆ ಹಾಕಿದೆ. ಬೇಳೆಯಲ್ಲಿ ಕಲ್ಲು ಉಳಿದರೆ ಹಲ್ಲು ಹೋಗುತ್ತದೆ, ಅಷ್ಟೇ. ಇಲ್ಲಿ ಕೂದಲು ಉಳಿದರೆ ಒಂದು ಹುಲಿಯ ಕಾಡೇ ಹೋಗುತ್ತಿತ್ತು.

ಮೂರೂವರೆಗೆ ಮೊಮ್ಮಗಳು ಓಡಿ ಬಂದಳು. ಓಡುವ ರೀತಿಯಲ್ಲೇ ನನಗೆ ತಿಳಿಯಿತು.

"ಏಳರಲ್ಲೂ ಬರೀ ಜಿಂಕೆ, ಹಂದಿ! ನಾಯಿ ಇಲ್ವೇ ಇಲ್ಲ! ಆ ಬಿಳಿ ಕೂದ್ಲು, ಈ ಮಹಾರಾಯಂದು, ಎರಡೂ ಒಂದೇ ಥರ! ಹೊರಗೇ ಇರ್ತಾಳಂತೆ ಅಜ್ಜಿ, ಹೊರಗೇ!"

ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. "ಬಿಡೇ, ಸೊಂಟ ಮುರಿಯುತ್ತೆ" ಅಂದೆ. ಪಕ್ಕದ ಮನೆಯಾಕೆ ನಾಯಿಯನ್ನು ತಿರುಗಿಸಿದಳು. ವಾಚ್‌ಮನ್ನೂ ಗೇಟು ಬಿಟ್ಟು ಬಂದು ನಿಂತಿದ್ದ.

ಆಗ ಮೇಡಮ್ಮು ನನ್ನ ನೋಟ್‌ಬುಕ್ ಹಿಡಿದುಕೊಂಡು ಬಂದು, ಬುಧವಾರದ ಪುಟ ತೆರೆದರು. "ಬಿಟ್ಟಿದ್ದನ್ನ ನೀವೇ ಬರೆದು ಸೈನ್ ಹಾಕ್ಬೇಕಮ್ಮ. ಇಲ್ಲದಿದ್ರೆ ಈ ಲೆಕ್ಕ ನಿಲ್ಲಲ್ಲ."

ಮೊಮ್ಮಗಳು ಪೆನ್ನು ಕೊಟ್ಟಳು. ಕಲ್ಲುಬೆಂಚಿನ ಮೇಲೆ ಪುಸ್ತಕ ಇಟ್ಟುಕೊಂಡು, ನಾಲ್ಕನೇ ಕ್ಲಾಸಿನ ದಪ್ಪ ಅಕ್ಷರದಲ್ಲಿ ಬರೆದೆ: 'ಏಳು ಪೊಟ್ಟಣ ತಾರಸಿ ಮೇಲೆ ಒಣಗಿಸಿದೆ. ಅಲ್ಲಿ ಪಕ್ಕದ ಮನೆ ನಾಯಿ ಹೊರಳಾಡುತ್ತದೆ. ನಾನು ನೋಡಿಕೊಳ್ಳಲಿಲ್ಲ.' ಸೈನ್ ಹಾಕಿದೆ.

ಪಕ್ಕದ ಮನೆಯಾಕೆ ನನ್ನ ಭುಜದ ಮೇಲಿಂದ ಬಗ್ಗಿ ಓದಿದಳು.

"ಬರೀ ನಾಯಿ ಅಂತ ಬರೆದ್ರೆ ಹೇಗಕ್ಕ? 'ಜೀವಂತ ಇದೆ' ಅಂತ ಸೇರ್ಸಿ."

ಸೇರಿಸಿದೆ.